ನಕ್ಷತ್ರವಿಲ್ಲದ ಮನೆಗೆ ಎಷ್ಟು ಅಂಕ?

“ಫಾದರ್, ನಕ್ಷತ್ರ ಇಲ್ಲದ ಮನೆಗೆ ಎಷ್ಟು ಅಂಕ ಹಾಕಲಿ?”

ಕೆಲವು ವರ್ಷಗಳ ಹಿಂದೆ, ಕ್ರಿಸ್ತ ಜಯಂತಿಗೆ ಇನ್ನು ಮೂರು ದಿನವಿರುವಾಗ, ಬೆಂಗಳೂರಿನ ಒಂದು ಬೀದಿಯಲ್ಲಿ ಹತ್ತು ವರ್ಷದ ಬಾಲಕನೊಬ್ಬ ನನ್ನನ್ನು ಈ ಪ್ರಶ್ನೆ ಕೇಳಿದ. ನಮ್ಮ ಧರ್ಮಕೇಂದ್ರದ ಯುವಕ ಸಂಘದವರು ನಕ್ಷತ್ರ ಮತ್ತು ದೀಪಾಲಂಕಾರದ ಸ್ಪರ್ಧೆಯನ್ನು ಏರ್ಪಡಿಸಿದ್ದರು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಬಾಲಕ ನಮ್ಮ ಬಲಿಪೀಠ ಸೇವಕ. ಅಂಕಪಟ್ಟಿ ಬರೆಯುವ ಕೆಲಸ ಅವನದು. ಅವನ ತಂದೆ, ತಾಯಿ ಮತ್ತು ತಂಗಿಯೂ ನಮ್ಮ ಜೊತೆಗೆ ಹೊರಟಿದ್ದರು. ಅವರಿಗೆ ಅದು ವರ್ಷಕ್ಕೊಮ್ಮೆ ಬರುವ ದೀಪ ನೋಡುವ ಸಂಜೆ.

ಬೀದಿಯ ಎರಡೂ ಕಡೆ ಮನೆಗಳು ಜಗಜಗಿಸುತ್ತಿದ್ದವು. ಒಂದು ಮನೆಯ ಮಾಳಿಗೆಯಿಂದ ನೆಲದವರೆಗೆ ದೀಪದ ಸರಗಳು ಇಳಿಬಿದ್ದಿದ್ದವು. ಇನ್ನೊಂದು ಮನೆಯವರು ಕಾಂಪೌಂಡಿನೊಳಗೆ ದೊಡ್ಡ ಗೋದಲಿ ಕಟ್ಟಿ, ಅದಕ್ಕೆ ನೀರಿನ ತೊರೆಯನ್ನೂ ಹರಿಸಿದ್ದರು. ಇವೆರಡರ ನಡುವೆ ಒಂದು ಮನೆ ಮಾತ್ರ ಕತ್ತಲೆ. ಮುಂಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಡುಗೆಮನೆಯ ಕಡೆಯಿಂದ ಮಂಕು ಬೆಳಕು ಬರುತ್ತಿತ್ತು. ನಾನು ಗೇಟಿನ ಹೊರಗೇ ನಿಂತು, “ಸೊನ್ನೆ ಬರಿ ಮರಿ. ಕರೆಂಟ್ ಬಿಲ್ಲಿಗೆ ಹೆದರಿಕೊಂಡಿದ್ದಾರೆ” ಎಂದೆ. ಜೊತೆಯಲ್ಲಿದ್ದವರು ನಕ್ಕರು. ಹುಡುಗ ಸೊನ್ನೆ ಬರೆದ. ನಾವು ಮುಂದೆ ಹೋದೆವು.

ಹಬ್ಬ ಕಳೆದ ಮೂರನೆಯ ದಿನ ಬೆಳಗಿನ ಪೂಜೆಯ ನಂತರ ಒಬ್ಬ ತಾಯಿ ಗುರುಮನೆಗೆ ಬಂದರು. ಐವತ್ತು ದಾಟಿದ ವಯಸ್ಸು. “ಸ್ತೋತ್ರ ಸ್ವಾಮಿ. ನಮ್ಮ ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಯಿತು. ಊರಿನಲ್ಲೇ ಮಣ್ಣು ಮಾಡಿದೆವು. ಅವರ ಹೆಸರಿನಲ್ಲಿ ಒಂದು ಪೂಜೆ ಬರೆಸಬೇಕಿತ್ತು” ಎಂದರು. ನಾನು ಆ ಧರ್ಮಕೇಂದ್ರಕ್ಕೆ ಬಂದು ಆರು ತಿಂಗಳಷ್ಟೇ ಆಗಿತ್ತು. ಮನೆ ಯಾವುದು ಎಂದು ಕೇಳಿದೆ. ಅವರು ಹೇಳಿದ ಗುರುತು ಕೇಳಿದಾಗ ನನ್ನ ಕೈಯಲ್ಲಿದ್ದ ಲೇಖನಿ ನಿಂತುಹೋಯಿತು. ಅದೇ ಮನೆ.

ಅವರು ನನ್ನ ಮಾತನ್ನು ಕೇಳಿಸಿಕೊಂಡಿದ್ದರೋ ಇಲ್ಲವೋ, ಇಂದಿಗೂ ನಾನು ಅರಿಯೆ. ಹೊರಡುವಾಗ ಒಂದೇ ಒಂದು ಮಾತು ಹೇಳಿದರು. ಅದರಲ್ಲಿ ಕೋಪವಿರಲಿಲ್ಲ. “ಅವತ್ತು ರಾತ್ರಿ ನೀವೆಲ್ಲ ಗೇಟಿನ ತನಕ ಬಂದಿರಿ ಸ್ವಾಮಿ. ಒಳಗೆ ಬರ್ತೀರಿ ಅಂತ ಕಾಫಿಗೆ ಇಟ್ಟಿದ್ದೆ.”

ಪ್ರಿಯ ಓದುಗರೇ, ಈ ವಾರದ ಪಾಠವನ್ನು ನಾನು ಕಲಿತದ್ದು ಯಾವ ಗ್ರಂಥಾಲಯದಲ್ಲೂ ಅಲ್ಲ, ಆ ಗೇಟಿನ ಬಳಿ.

ದೀಪ ನೋಡುವ ಸಂತೋಷ

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ದೀಪಾಲಂಕಾರವನ್ನು ಹೀಗಳೆಯಲು ನಾನು ಈ ಲೇಖನ ಬರೆಯುತ್ತಿಲ್ಲ. ಡಿಸೆಂಬರ್ ಬಂತೆಂದರೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಅಂಗಡಿಗಳಲ್ಲಿ ಬಣ್ಣಬಣ್ಣದ ನಕ್ಷತ್ರಗಳು ತೂಗಾಡುತ್ತವೆ. ಬ್ರಿಗೇಡ್ ರಸ್ತೆಯಲ್ಲಿ ಹೆಜ್ಜೆ ಇಡಲು ಜಾಗವಿಲ್ಲದಷ್ಟು ಜನ ಸೇರುತ್ತಾರೆ. ಫ್ರೇಜರ್ ಟೌನ್, ಕುಕ್ ಟೌನ್, ಕಾಕ್ಸ್ ಟೌನ್, ಲಿಂಗರಾಜಪುರಗಳ ಬೀದಿಗಳಲ್ಲಿ ಮನೆ ಮನೆಯ ಮುಂದೆ ದೀಪ. ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಇವನ್ನೆಲ್ಲ ತೋರಿಸುವ ತಂದೆ-ತಾಯಿ ಪುಣ್ಯದ ಕೆಲಸವನ್ನೇ ಮಾಡುತ್ತಿದ್ದಾರೆ. ಒಂದು ಸಂಜೆಯಾದರೂ ಟಿ.ವಿ. ಮತ್ತು ಮೊಬೈಲನ್ನು ಬದಿಗಿಟ್ಟು, ಇಡೀ ಕುಟುಂಬ ಒಟ್ಟಾಗಿ ಬೀದಿಯಲ್ಲಿ ನಡೆಯುವುದು ಈ ಕಾಲದಲ್ಲಿ ಸಣ್ಣ ಸಂಗತಿಯಲ್ಲ.

ಇದು ಬಹಳ ಹಳೆಯ ಪದ್ಧತಿಯೂ ಅಲ್ಲ. 1882ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, ಎಡಿಸನ್ನರ ಜೊತೆಗಾರರಾಗಿದ್ದ ಎಡ್ವರ್ಡ್ ಜಾನ್ಸನ್ ಎಂಬವರು ತಮ್ಮ ಮನೆಯ ಕ್ರಿಸ್ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಚಿಕ್ಕ ವಿದ್ಯುತ್ ದೀಪಗಳನ್ನು ಕಟ್ಟಿದರು. ಅಲ್ಲಿಯವರೆಗೆ ಮರಕ್ಕೆ ಮೇಣದ ಬತ್ತಿಗಳನ್ನು ಅಂಟಿಸುತ್ತಿದ್ದರು. ಬೆಂಕಿಯ ಭಯ ಸದಾ ಇರುತ್ತಿತ್ತು. ನಮ್ಮ ನಾಡಿಗೆ ವಿದ್ಯುತ್ತು ಬಂದದ್ದು ಶಿವನಸಮುದ್ರದಿಂದ. 1902ರಲ್ಲಿ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಎಷ್ಟೋ ಹಳ್ಳಿಗಳಿಗೆ ಅದು ತಲುಪಲು ಮತ್ತೂ ಹಲವು ದಶಕಗಳು ಹಿಡಿದವು. ಅಷ್ಟು ಕಾಲವೂ ನಮ್ಮ ಹಿರಿಯರು ನಡುರಾತ್ರಿಯ ಪೂಜೆಗೆ ಲಾಂದ್ರ ಹಿಡಿದು, ಹೊಲದ ಬದುಗಳ ಮೇಲೆ ನಡೆದೇ ಬಂದರು.

ನನ್ನ ಬಾಲ್ಯದಲ್ಲಿ ನಮ್ಮ ತಂದೆಯವರು ಬಿದಿರಿನ ಕಡ್ಡಿ ಸೀಳಿ, ಗಾಳಿಪಟದ ಕಾಗದವನ್ನು ಮೈದಾ ಅಂಟಿನಿಂದ ಅಂಟಿಸಿ, ಒಳಗೆ 40 ವ್ಯಾಟಿನ ಬಲ್ಬು ಇಟ್ಟು ನಕ್ಷತ್ರ ಮಾಡುತ್ತಿದ್ದರು. ತಾಯಿಯವರು ಹತ್ತು ದಿನ ಮೊದಲೇ ತಟ್ಟೆಯಲ್ಲಿ ರಾಗಿ ಬಿತ್ತಿ, ಗೋದಲಿಗೆ ಹಸಿರು ಪೈರು ಬೆಳೆಸುತ್ತಿದ್ದರು. ನಕ್ಷತ್ರ ಹೊತ್ತಿದ ಕ್ಷಣದಲ್ಲಿ ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು. ಆ ಸಂತೋಷ ದೇವರಿಗೆ ಮೆಚ್ಚುಗೆಯಾಗಿರಲಿಲ್ಲ ಎಂದು ಯಾರು ಹೇಳಿಯಾರು?

ಹಾಗಾದರೆ ನಾನು ತಪ್ಪಿದ್ದು ಎಲ್ಲಿ?

ಬೆಳಕನ್ನು ನೋಡುವುದೋ, ಬೆಳಕಿನಲ್ಲಿ ನೋಡುವುದೋ

ಗುರುಮಠದಲ್ಲಿ ತತ್ವಶಾಸ್ತ್ರ ಕಲಿಯುವಾಗ ನಮ್ಮ ಉಪಾಧ್ಯಾಯರು ಒಂದು ಪ್ರಶ್ನೆ ಹಾಕುತ್ತಿದ್ದರು: “ನೀವು ಬೆಳಕನ್ನು ನೋಡಿದ್ದೀರಾ?” ನಾವೆಲ್ಲ ಹೌದೆನ್ನುತ್ತಿದ್ದೆವು. ಅವರು ತಲೆಯಾಡಿಸಿ, “ಇಲ್ಲ, ನೀವು ನೋಡಿದ್ದು ಬೆಳಕು ಬಿದ್ದ ವಸ್ತುಗಳನ್ನು” ಎನ್ನುತ್ತಿದ್ದರು. ಯೋಚಿಸಿ ನೋಡಿ. ಕಿಟಕಿಯಿಂದ ಬರುವ ಬಿಸಿಲಕೋಲು ನಮಗೆ ಕಾಣುವುದು ಗಾಳಿಯಲ್ಲಿ ಧೂಳಿನ ಕಣಗಳಿರುವುದರಿಂದ. ರಾತ್ರಿ ಆಕಾಶದ ತುಂಬ ಸೂರ್ಯನ ಬೆಳಕು ಹರಿಯುತ್ತಲೇ ಇರುತ್ತದೆ. ಆದರೂ ಆಕಾಶ ಕಪ್ಪು. ಆ ಬೆಳಕು ಚಂದ್ರನಿಗೆ ತಗಲಿದಾಗ ಮಾತ್ರ ನಮಗೆ ಚಂದ್ರ ಕಾಣುತ್ತಾನೆ. ಬೆಳಕಿನ ಸ್ವಭಾವವೇ ಅಂಥದು. ಅದು ತನ್ನನ್ನು ತೋರಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಇನ್ನೊಂದನ್ನು ತೋರಿಸುತ್ತದೆ.

ದೈವಶಾಸ್ತ್ರವೂ ಇದನ್ನೇ ಹೇಳುತ್ತದೆ. ದೇವರ ಬೆಳಕಿನೊಳಗೆ ನಿಂತಾಗಲೇ ನಮಗೆ ಕಣ್ಣು ಬರುವುದು ಎಂಬ ಅರ್ಥದಲ್ಲಿ 36ನೇ ಕೀರ್ತನೆ ಹಾಡುತ್ತದೆ. ನಮ್ಮ ದೀಕ್ಷಾಸ್ನಾನದ ದಿನ ಪಾಸ್ಕ ಮೇಣದ ಬತ್ತಿಯಿಂದ ಹಚ್ಚಿದ ಒಂದು ಚಿಕ್ಕ ಬತ್ತಿಯನ್ನು ನಮಗಾಗಿ ತಂದೆ-ತಾಯಿಯ, ಜ್ಞಾನಪೋಷಕರ ಕೈಗೆ ಕೊಟ್ಟರು. ಅದನ್ನು ಗೋಡೆಗೆ ತೂಗುಹಾಕಿ ನೋಡಲೆಂದು ಕೊಡಲಿಲ್ಲ. ಅದರ ಬೆಳಕಿನಲ್ಲಿ ಬಾಳುವೆ ನಡೆಸಲೆಂದು ಕೊಟ್ಟರು. ದೀಪದ ಕುರಿತು ಯೇಸುಸ್ವಾಮಿ ಮಾತನಾಡುವಾಗಲೂ ದೀಪದ ಚೆಲುವನ್ನು ಹೊಗಳುವುದಿಲ್ಲ. ದೀಪಸ್ತಂಭದ ಮೇಲಿಟ್ಟ ದೀಪ ಮನೆಯಲ್ಲಿರುವ ಎಲ್ಲರಿಗೂ ಉಪಯೋಗವಾಗಬೇಕೆಂಬುದೇ ಅವರ ಮಾತಿನ ತಿರುಳು (ಮತ್ತಾಯ 5:14-16).

ಆ ರಾತ್ರಿ ನಾವು ಹೋದದ್ದು ಬೆಳಕನ್ನು ನೋಡಲು. ಅದಕ್ಕೆ ಅಂಕ ಹಾಕಲು. ಎಡಬಲದ ಎರಡು ಮನೆಗಳಲ್ಲಿ ಅಷ್ಟೊಂದು ದೀಪ ಉರಿಯುತ್ತಿದ್ದರೂ, ಆ ಬೆಳಕಿನಲ್ಲಿ ನಡುವಿನ ಮನೆಯಲ್ಲಿದ್ದ ಒಬ್ಬ ವಿಧವೆ ನನಗೆ ಕಾಣಲಿಲ್ಲ. ದೀಪಗಳ ತಪ್ಪೇನೂ ಇರಲಿಲ್ಲ. ಅವು ತಮ್ಮ ಕೆಲಸ ಮಾಡುತ್ತಿದ್ದವು.

ಶುಭಸಂದೇಶದ ಎರಡು ರಾತ್ರಿಗಳು

ಕ್ರಿಸ್ತ ಜಯಂತಿಯ ವೃತ್ತಾಂತದಲ್ಲಿ ಎರಡು ಬೆಳಕುಗಳಿವೆ. ಎರಡನ್ನೂ ಗಮನವಿಟ್ಟು ಓದಿರಿ.

ಮೊದಲನೆಯದು ಕುರಿಗಾಹಿಗಳ ರಾತ್ರಿ (ಲೂಕ 2:8-16). ಹೊಲದಲ್ಲಿ ಮಂದೆ ಕಾಯುತ್ತಿದ್ದ ಅವರ ಸುತ್ತ ದೇವರ ಮಹಿಮೆ ಪ್ರಕಾಶಿಸಿತು. ಅದಕ್ಕಿಂತ ದೊಡ್ಡ ದೀಪಾಲಂಕಾರವನ್ನು ಜಗತ್ತು ಕಂಡಿಲ್ಲ. ಆದರೆ ದೇವದೂತನು ಅವರಿಗೆ ಕೊಟ್ಟ ಗುರುತು ಆ ಬೆಳಕಲ್ಲ. ಬಟ್ಟೆಯಲ್ಲಿ ಸುತ್ತಿ, ದನಗಳಿಗೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದ ಒಂದು ಕೂಸು, ಅದೇ ಗುರುತು. ಬೆಳಕು ಮರೆಯಾದ ಮೇಲೆ ಕುರಿಗಾಹಿಗಳು ಅಲ್ಲಿಯೇ ನಿಂತು ಎಂಥ ಸೊಗಸಾದ ಬೆಳಕೆಂದು ಮಾತನಾಡುತ್ತಾ ರಾತ್ರಿ ಕಳೆಯಲಿಲ್ಲ. ಕತ್ತಲೆಯಲ್ಲಿ ಎದ್ದು ಬೆತ್ಲೆಹೇಮಿಗೆ ಅವಸರದಿಂದ ಹೋದರು. ಬೆಳಕು ಅವರನ್ನು ಒಂದು ಬಡ ಕುಟುಂಬದ ಬಳಿಗೆ ಕಳುಹಿಸಿತು. ಅಲ್ಲಿಗೆ ಹೋಗದಿದ್ದಿದ್ದರೆ ಅವರು ಬೆಳಕು ಕಂಡೂ ಪ್ರಭುವನ್ನು ಕಾಣದವರಾಗುತ್ತಿದ್ದರು.

ಎರಡನೆಯದು ಜ್ಞಾನಿಗಳ ರಾತ್ರಿ (ಮತ್ತಾಯ 2:9-11). ನಕ್ಷತ್ರವನ್ನು ಕಂಡು ಅವರು ಬಹಳವಾಗಿ ಸಂತೋಷಪಟ್ಟರು. ಅದು ಸಹಜವೇ. ಆದರೆ ಮುಂದಿನ ವಾಕ್ಯದಲ್ಲಿ ಅವರು ಮನೆಯೊಳಗೆ ಹೋಗುತ್ತಾರೆ, ಮಗುವನ್ನೂ ತಾಯಿಯನ್ನೂ ಕಾಣುತ್ತಾರೆ, ಮೊಣಕಾಲೂರುತ್ತಾರೆ. ಅಲ್ಲಿಂದ ಮುಂದೆ ಸಂತ ಮತ್ತಾಯರು ನಕ್ಷತ್ರದ ಮಾತನ್ನೇ ಎತ್ತುವುದಿಲ್ಲ. ಅದರ ಕೆಲಸ ಬಾಗಿಲವರೆಗೆ ಕರೆತರುವುದು. ಹೊಸ್ತಿಲು ದಾಟುವ ಕೆಲಸ ಮನುಷ್ಯರದು.

ನಾವು ನಮ್ಮ ಮನೆಗಳ ಮುಂದೆ ತೂಗುಹಾಕುವುದು ಇದೇ ನಕ್ಷತ್ರವನ್ನು. ಇಲ್ಲಿ ಒಂದು ಮನೆಯಿದೆ, ಒಳಗೆ ಬನ್ನಿ ಎಂದು ಅದು ಹೇಳುತ್ತದೆ. ಹೊರಗಿನಿಂದಲೇ ನೋಡಿ ಹೋಗಿ ಎಂದು ಅದು ಹೇಳುವುದಿಲ್ಲ.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಜಯಂತಿಯ ರಾತ್ರಿ ಒಂದು ಗೋದಲಿಯನ್ನು ಸಿದ್ಧಪಡಿಸಿದ ಕಥೆ ನಿಮಗೆ ಗೊತ್ತಿದೆ. ಹುಲ್ಲು, ಒಂದು ಎತ್ತು, ಒಂದು ಕತ್ತೆ. ಗೋದಲಿಯ ಮೇಲೆ ಬಲಿಪೂಜೆ. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸರು ಅದೇ ಊರಿಗೆ ಹೋಗಿ, ಗೋದಲಿಯ ಅರ್ಥವನ್ನು ಕುರಿತ ತಮ್ಮ ಪತ್ರಕ್ಕೆ ಅಲ್ಲಿಯೇ ಸಹಿ ಹಾಕಿದರು. ಆ ಮೊದಲ ಗೋದಲಿಯ ವೃತ್ತಾಂತದಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ಸುತ್ತಲಿನ ಊರುಗಳ ಜನ ಪಂಜುಗಳನ್ನೂ ಮೇಣದ ಬತ್ತಿಗಳನ್ನೂ ಹಿಡಿದು ಬಂದರು. ಅಲ್ಲಿ ಬೆಳಕು ಯಾರೋ ತೋರಿಸಿ ಯಾರೋ ನೋಡುವ ವಸ್ತುವಾಗಿರಲಿಲ್ಲ. ನೋಡಲು ಬಂದವರೇ ಬೆಳಕನ್ನು ತಂದಿದ್ದರು.

ದೀಪದ ಸರ ಕಲಿಸುವ ಪಾಠ

ನಮ್ಮಲ್ಲಿ ಹಲವರಿಗೆ ಹಳೆಯ ಸೀರಿಯಲ್ ಸೆಟ್ಟಿನ ನೆನಪಿರಬೇಕು. ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಆ ಪುಟ್ಟ ಬಲ್ಬು ತಾಳುವುದು ಆರು ವೋಲ್ಟಿನಷ್ಟು. ಆದ್ದರಿಂದ ನಲವತ್ತರಷ್ಟು ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತಿದ್ದರು. ಹೊರೆಯನ್ನು ಎಲ್ಲವೂ ಹಂಚಿಕೊಳ್ಳುತ್ತಿದ್ದವು. ಒಂದರ ಮೂಲಕ ಹರಿದ ವಿದ್ಯುತ್ತೇ ಮುಂದಿನದಕ್ಕೆ ಹೋಗಬೇಕು. ಹೀಗಾಗಿ ಒಂದು ಬಲ್ಬು ಕೆಟ್ಟರೆ ಇಡೀ ಸರವೇ ಆರಿಹೋಗುತ್ತಿತ್ತು. ಆಗ ಮನೆಯವರೆಲ್ಲ ನೆಲದ ಮೇಲೆ ಕುಳಿತು, ಒಂದೊಂದೇ ಬಲ್ಬನ್ನು ಬಿಚ್ಚಿ ಪರೀಕ್ಷಿಸಿ, ಆರಿದ್ದು ಯಾವುದೆಂದು ಹುಡುಕುತ್ತಿದ್ದೆವು. ಅದನ್ನು ಕಂಡುಹಿಡಿಯದೆ ಹಬ್ಬ ಮುಂದೆ ಸಾಗುತ್ತಿರಲಿಲ್ಲ.

ಈಗ ಬರುವ ಎಷ್ಟೋ ಎಲ್‌ಇಡಿ ಸರಗಳಲ್ಲಿ ಆ ತೊಂದರೆಯಿಲ್ಲ. ಒಂದು ದೀಪ ಆರಿದರೂ ಉಳಿದವು ಉರಿಯುತ್ತಲೇ ಇರುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ. ಯಾರೂ ಹುಡುಕುವುದಿಲ್ಲ.

ದೀಪದ ಮಟ್ಟಿಗೆ ಇದು ಒಳ್ಳೆಯ ಸುಧಾರಣೆ. ಧರ್ಮಸಭೆಯ ಮಟ್ಟಿಗೆ ಇದು ಅಪಾಯ. ಒಂದು ಅಂಗ ನೊಂದರೆ ಎಲ್ಲ ಅಂಗಗಳೂ ನೋಯುತ್ತವೆ ಎಂಬುದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೇ ಅಧ್ಯಾಯದ ಬೋಧನೆ. ನಮ್ಮ ಬೀದಿಗಳು ಹಳೆಯ ಸರದಂತಿವೆಯೋ, ಹೊಸ ಸರದಂತಿವೆಯೋ? ಸಾವಾದ ಮನೆಯವರು ಆ ವರ್ಷ ನಕ್ಷತ್ರ ಹಾಕುವುದಿಲ್ಲ, ಹಬ್ಬದ ತಿಂಡಿ ಮಾಡುವುದಿಲ್ಲ. ಇದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಆದರೆ ಆ ಪದ್ಧತಿಗೆ ಇನ್ನೊಂದು ಮಗ್ಗುಲೂ ಇತ್ತು. ಅವರು ಎಣ್ಣೆಯ ಬಾಣಲೆ ಇಡುವುದಿಲ್ಲವಾದ್ದರಿಂದ ನೆರೆಯವರು ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿಗಳನ್ನು ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ ತೆಗೆದುಕೊಂಡು ಹೋಗುತ್ತಿದ್ದರು. ಕತ್ತಲೆಯಾದ ಮನೆಯೇ ಒಂದು ಕರೆಯಾಗಿತ್ತು. ಇಂದು ಮೊದಲ ಮಗ್ಗುಲು ಉಳಿದಿದೆ, ಎರಡನೆಯದು ಮರೆಯುತ್ತಿದೆ. ಕತ್ತಲೆ ಮನೆಯನ್ನು ನಾವು ಕಾಣುತ್ತೇವೆ. ಅದು ಕರೆಯುವುದು ಮಾತ್ರ ನಮಗೆ ಕೇಳಿಸುವುದಿಲ್ಲ.

ಮರು ವರ್ಷದ ನಡಿಗೆ

ಮರು ವರ್ಷವೂ ಯುವಕ ಸಂಘದವರು ಸ್ಪರ್ಧೆ ನಡೆಸಿದರು. ನಾನು ತೀರ್ಪುಗಾರನಾಗಲಿಲ್ಲ. ಅದರ ಬದಲು ಮೂರು ಕುಟುಂಬಗಳನ್ನು ಕೂಡಿಕೊಂಡು ಡಿಸೆಂಬರ್ 23ರ ಸಂಜೆ ದೀಪ ನೋಡಲು ಹೊರಟೆ. ಅಂಕಪಟ್ಟಿ ಹಿಡಿದಿದ್ದ ಹುಡುಗನ ಕುಟುಂಬವೂ ಅದರಲ್ಲಿತ್ತು. ಒಟ್ಟು ಹದಿನಾಲ್ಕು ಜನ. ನಾವು ಒಂದೇ ನಿಯಮ ಮಾಡಿಕೊಂಡೆವು: ಎಷ್ಟು ಮನೆಗಳ ದೀಪವನ್ನಾದರೂ ನೋಡೋಣ, ಆದರೆ ಒಂದು ಮನೆಯ ಒಳಗೆ ಹೋಗಿಯೇ ಬರೋಣ.

ಮೈಸೂರು ಸೀಮೆಯ ಹಿರಿಯರಿಗೆ ಇದರಲ್ಲಿ ಹೊಸತೇನೂ ಕಾಣದು. ದಸರೆಯಲ್ಲಿ ಬೊಂಬೆ ಕೂರಿಸಿದ ಮನೆಗಳಿಗೆ ಮಕ್ಕಳು ಗುಂಪಾಗಿ ಹೋಗಿ, “ಬೊಂಬೆ ಕೂರಿಸಿದ್ದೀರಾ?” ಎಂದು ಕೇಳಿ, ಒಳಗೆ ಕುಳಿತು ನೋಡಿ, ತಿಂಡಿ ಪಡೆದು ಬರುತ್ತಿದ್ದರು. ಬೊಂಬೆಯನ್ನು ಕಿಟಕಿಯಿಂದ ಇಣುಕಿ ನೋಡಿ ಹೋಗುವ ಪದ್ಧತಿ ಇರಲಿಲ್ಲ. ನಮ್ಮ ಗೋದಲಿಯನ್ನು ನೋಡಲು ಅನ್ಯಧರ್ಮದ ನೆರೆಯವರು ಬಂದಾಗಲೂ ಅವರು ಮನೆಯೊಳಗೇ ಬರುತ್ತಿದ್ದರು. ವಾಹನದಲ್ಲಿ ಕುಳಿತು, ಗಾಜು ಇಳಿಸಿ, ಫೋಟೊ ತೆಗೆದು ಮುಂದೆ ಹೋಗುವ ಚಾಳಿ ನಾವು ಇತ್ತೀಚೆಗೆ ಕಲಿತದ್ದು.

ದೀಪದ ಮನೆಗಳನ್ನು ನೋಡುತ್ತಾ ನಾವು ಆ ಬೀದಿಗೆ ಬಂದೆವು. ಒಂದು ವರ್ಷ ತುಂಬಿದ್ದರೂ ಆ ಮನೆಗೆ ನಕ್ಷತ್ರವಿರಲಿಲ್ಲ. ಈ ಸಲ ನಾನು ಗೇಟಿನ ಚಿಲಕ ತೆಗೆದೆ. ನಾಚಿಕೆಯಿಂದ ನನ್ನ ಕೈ ತುಸು ನಡುಗಿದ್ದನ್ನು ಮುಚ್ಚಿಡಲಾರೆ.

“ಬನ್ನಿ ಸ್ವಾಮಿ, ಎಲ್ಲರೂ ಬನ್ನಿ” ಎಂದು ಆ ತಾಯಿ ಚಾಪೆ ಹಾಸಿದರು. ಹದಿನಾಲ್ಕು ಜನರಿಗೆ ಲೋಟಗಳು ಸಾಲದೆ ಪಕ್ಕದ ಮನೆಯಿಂದ ತರಿಸಿದರು. ನಾವು ಹಬ್ಬದ ಶುಭಾಶಯಗಳಿಂದ ಮಾತು ಆರಂಭಿಸಲಿಲ್ಲ. ಗೋಡೆಯ ಮೇಲಿದ್ದ ಭಾವಚಿತ್ರವನ್ನು ನೋಡಿ ಆ ಹುಡುಗನ ತಂಗಿಯೇ, “ಅಜ್ಜಿ, ಇವರು ಯಾರು?” ಎಂದು ಕೇಳಿದಳು. ದೊಡ್ಡವರಾದ ನಾವು ಯಾರೂ ಕೇಳಲು ಧೈರ್ಯ ಮಾಡದ ಪ್ರಶ್ನೆ ಅದು. ಆ ತಾಯಿ ಮುಕ್ಕಾಲು ಗಂಟೆ ಮಾತನಾಡಿದರು. ಯಜಮಾನರು ಎಂಥ ಮುಂಗೋಪಿ, ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಹೇಗೆ ಮಾನ ಕಳೆಯುತ್ತಿದ್ದರು, ಆಸ್ಪತ್ರೆಯಲ್ಲಿ ಕೊನೆಯ ದಿನ ಏನು ಹೇಳಿದರು, ಎಲ್ಲವನ್ನೂ ಹೇಳಿದರು. ನಡುವೆ ಅತ್ತರು, ನಡುವೆ ನಕ್ಕರು. ಅವರ ಹೆಸರನ್ನು ಈ ಮನೆಯಲ್ಲಿ ಇಷ್ಟು ಸಲ ಹೇಳಿ ಒಂದು ವರ್ಷವಾಯಿತು ಎಂದರು. ನಾವು ಜಪಸರದ ಒಂದು ದಶಕವನ್ನು ಹೇಳಿ ಎದ್ದೆವು.

ಅವರು ನಕ್ಷತ್ರ ಹಾಕಲಿಲ್ಲ. ಹಾಕಿರೆಂದು ನಾವು ಒತ್ತಾಯಿಸಲೂ ಇಲ್ಲ. ನಾವು ಹೊರಟಾಗ ಮೆಟ್ಟಿಲ ಬಳಿ ಕತ್ತಲೆಯಿತ್ತು. ಆ ತಾಯಿ, “ತಾಳಿ ಸ್ವಾಮಿ, ಮಕ್ಕಳು ಎಡವಿಯಾರು” ಎಂದು ಒಳಗೆ ಹೋಗಿ ಹೊರಬಾಗಿಲಿನ ದೀಪದ ಸ್ವಿಚ್ಚು ಹಾಕಿದರು. ಒಂದು ಸಾಧಾರಣ ಬಲ್ಬು. ಮೇಲೆ ಜೇಡರ ಬಲೆ ಕಟ್ಟಿತ್ತು. ನಾವು ಬೀದಿಯ ತಿರುವು ದಾಟುವವರೆಗೂ ಅವರು ಅದನ್ನು ಆರಿಸಲಿಲ್ಲ.

ಬ್ರಿಗೇಡ್ ರಸ್ತೆಯ ದೀಪಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಾವ ವರ್ಷ ಯಾವ ಅಲಂಕಾರವಿತ್ತು ಎಂದು ಕೇಳಿದರೆ ನೆನಪಿಲ್ಲ. ಆ ಬಲ್ಬು ಮಾತ್ರ ನೆನಪಿದೆ.

ನಿಮ್ಮ ಕುಟುಂಬಕ್ಕೆ ಕೆಲವು ಸಲಹೆಗಳು

1. ಹೊರಡುವ ಮುನ್ನ ಮನೆಯ ದೀಪಗಳನ್ನೆಲ್ಲ ಆರಿಸಿ ಒಂದು ನಿಮಿಷ ಮೌನವಾಗಿ ಕುಳಿತುಕೊಳ್ಳಿ. ನಂತರ ಮನೆಯ ಅತಿ ಚಿಕ್ಕ ಮಗುವಿನ ಕೈಯಲ್ಲಿ ಒಂದು ಮೇಣದ ಬತ್ತಿ ಹಚ್ಚಿಸಿ. ಹಿರಿಯರೊಬ್ಬರು ಲೂಕ 2:8-16ನ್ನು ಓದಲಿ. ಕತ್ತಲೆಯ ಪರಿಚಯವಿಲ್ಲದ ಮಗುವಿಗೆ ಬೆಳಕಿನ ಬೆಲೆ ತಿಳಿಯದು.

2. ದೂರದ ದೊಡ್ಡ ಬೀದಿಗಳಿಗೆ ಹೋಗುವ ಮೊದಲು ನಿಮ್ಮ ಸ್ವಂತ ಬೀದಿಯಲ್ಲಿ ನಡೆಯಿರಿ. ವಾಹನ ಬೇಡ. ನಡೆಯುವವರು ಮಾತ್ರ ನಿಲ್ಲಬಲ್ಲರು.

3. ದೀಪವಿಲ್ಲದ ಮನೆಗಳನ್ನೂ ಮಕ್ಕಳಿಗೆ ತೋರಿಸಿ. ಆದರೆ ತೀರ್ಪು ಕೊಡಬೇಡಿ. ಅಲ್ಲಿ ಸಾವಿನ ದುಃಖವಿರಬಹುದು. ಕೆಲಸ ಹೋಗಿರಬಹುದು. ರಾತ್ರಿ ಪಾಳಿಗೆ ಹೋದವರಿರಬಹುದು. ಮಕ್ಕಳು ದೂರ ದೇಶದಲ್ಲಿದ್ದು, ನಕ್ಷತ್ರ ಕಟ್ಟಲು ಏಣಿ ಹತ್ತಲಾರದ ಮುದುಕ ದಂಪತಿ ಇರಬಹುದು. ಅನ್ಯಧರ್ಮದ ನೆರೆಯವರಿರಬಹುದು. ಏಣಿ ಹತ್ತುವವರಿಲ್ಲದ ಮನೆಗೆ ನಿಮ್ಮ ಮನೆಯ ಯುವಕನನ್ನು ಕಳುಹಿಸಿ.

4. ಒಂದು ಮನೆಯ ಒಳಗೆ ಹೋಗಿ. ಬರಿಗೈಯಲ್ಲಿ ಹೋಗಬೇಡಿ, ದೊಡ್ಡ ಉಡುಗೊರೆಯೂ ಬೇಡ. ದುಃಖದ ಮನೆಯಲ್ಲಿ ಉಪದೇಶ ಮಾಡಬೇಡಿ. ಎಲ್ಲವೂ ದೇವರ ಚಿತ್ತವೆಂದು ಹೇಳಿ ಬಾಯಿ ಮುಚ್ಚಿಸಬೇಡಿ. ತೀರಿಕೊಂಡವರ ಹೆಸರು ಹೇಳಿ, ಅವರ ಕಥೆ ಕೇಳಿ. ಕೇಳುವುದೇ ಪ್ರಾರ್ಥನೆಯ ಆರಂಭ.

5. ಈ ವರ್ಷ ಹೊಸದಾಗಿ ಕೊಳ್ಳಬೇಕೆಂದಿದ್ದ ಸರಗಳಲ್ಲಿ ಒಂದನ್ನು ಕಡಿಮೆ ಮಾಡಿ, ಅದರ ಹಣವನ್ನು ಮಕ್ಕಳ ಕೈಯಿಂದಲೇ ಅಗತ್ಯವಿರುವ ಒಬ್ಬರಿಗೆ ಕೊಡಿಸಿ.

6. ಹಬ್ಬದ ದಿನ ಹೋಗಲಾಗದಿದ್ದರೆ ಚಿಂತೆಯಿಲ್ಲ. ಅಂಗಡಿಗಳಿಗೆ ಕ್ರಿಸ್ಮಸ್ 26ನೇ ತಾರೀಖಿಗೆ ಮುಗಿಯುತ್ತದೆ. ಧರ್ಮಸಭೆಗೆ ಆ ಕಾಲ ಮೂರು ರಾಯರ ಹಬ್ಬವನ್ನು ದಾಟಿ, ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೆ ಇರುತ್ತದೆ. ದೀಪದ ಸರಗಳನ್ನು ಬಿಚ್ಚಿಟ್ಟ ಮೇಲೆ ಹೋಗುವ ಭೇಟಿಗೆ ಬೆಲೆ ಇನ್ನೂ ಹೆಚ್ಚು.

ಕುಟುಂಬದಲ್ಲಿ ಚರ್ಚಿಸಿರಿ

ನಮ್ಮ ಬೀದಿಯಲ್ಲಿ ಈ ವರ್ಷ ಸಾವು ಸಂಭವಿಸಿದ ಮನೆಗಳು ಯಾವುವು? ನಮಗೆ ಗೊತ್ತಿದೆಯೇ?

ಯಾರದಾದರೂ ಮನೆಯ ಗೇಟಿನವರೆಗೆ ಹೋಗಿ ನಾವು ಹಿಂದಿರುಗಿದ ಸಂದರ್ಭವಿದೆಯೇ? ನಮ್ಮನ್ನು ತಡೆದದ್ದು ಏನು?

ನಮ್ಮ ಮನೆಯ ನಕ್ಷತ್ರವನ್ನು ಕಂಡು ಯಾರಾದರೂ ಒಳಗೆ ಬಂದರೆ, ಅವರು ಕುಳಿತುಕೊಳ್ಳಲು ನಮ್ಮಲ್ಲಿ ಜಾಗವಿದೆಯೇ, ಸಮಯವಿದೆಯೇ?

ಪ್ರಾರ್ಥನೆ

ಓ ಪ್ರಭುವೇ, ಕತ್ತಲೆಯಲ್ಲಿ ಹುಟ್ಟಿ ಬಂದ ಬೆಳಕೇ, ನಮ್ಮ ಬೀದಿಯ ದೀಪಗಳಿಗಾಗಿ ನಿಮಗೆ ಸ್ತೋತ್ರ. ಅವುಗಳ ಬೆಳಕಿನಲ್ಲಿ ನಮ್ಮ ನೆರೆಯವರ ಮುಖವನ್ನು ಕಾಣುವ ಕಣ್ಣು ನಮಗೆ ಕೊಡಿರಿ. ನಾವು ಹೊರಗೆ ನಿಂತು ಅಂಕ ಹಾಕಿದ ಮನೆಗಳಿಗೆ ಒಳಗೆ ಹೋಗುವ ಧೈರ್ಯ ಕೊಡಿರಿ. ಈ ವರ್ಷ ದೀಪ ಹಚ್ಚಲಾಗದೆ ಕುಳಿತಿರುವ ಎಲ್ಲರ ಬಳಿ, ನಮಗಿಂತ ಮೊದಲೇ ನೀವು ಕುಳಿತಿದ್ದೀರೆಂದು ನಂಬುತ್ತೇವೆ. ನಮ್ಮನ್ನೂ ಅಲ್ಲಿಗೆ ಕರೆದೊಯ್ಯಿರಿ. ಆಮೆನ್.